ಬೂದಿ ಬಿದ್ದ ರಾತ್ರಿ, ಕಾರಟಗಿ

ಹೊಟ್ಟು ಸುಟ್ಟ ಬೂದಿ ಅದು. ಮಿಲ್ಲಿನ ಚಿಮಣಿ ಉಗುಳಿದ್ದು
ಮಾರ್ಗಶಿರದ ಚಳಿಗೆ ಮ್ಯಾಲೆ ಹೋಗಲಾರದ
ಯಾರ್ಡಿನ ತುಂಬಾ ಮೆತ್ತಗ ಕುಂತಿತ್ತು.
ಅದರ ಮ್ಯಾಲ ಎರಡು ದಿನ ತುಫಾನಿನ ಜಿಟಿಜಿಟಿ.
'ಇದ ನೋಡವ್ವ ನಮ್ಮೂರ ಹಿಮ' ಅಂದೆ.
ಹಾರಿಕಾ ನಗಲಿಲ್ಲ.
ಸೀಟು ಮುಂದಕ್ಕೆಳಕೊಂಡಳು.

ಕಾರು ಅವರಪ್ಪಂದು. ಹೈದರಾಬಾದಿನ ಹರಾಜಿನಾಗ ಹಿಡಿದದ್ದು.
ಎರಡ ಬಾಗಿಲು, ಕುಂಕುಮದ ಬಣ್ಣ,
ಮೂಗು ಉದ್ದ, ಬೆನ್ನು ಗಿಡ್ಡ,
ನೆಲಕ್ಕ ಎಷ್ಟು ಹತ್ತರ ಅಂದ್ರ
ಕ್ಯಾಂಪಿನ ಹಂಪು ದಾಟಿಸೋವಾಗ
ರಾವ್ ಸಾಹೇಬರು ಕೆಳಗಿಳಿದು ಕೈಮುಗಿದು ನಿಲ್ಲತಿದ್ದರು.
ಅವರಿಗೆ ಸೊಂಟ ನೋವು, ಕಾರಿಗೆ ಬ್ಯಾಟರಿ ನೋವು.
'ವಾರಕ್ಕೊಮ್ಮೆ ಓಡಿಸ್ಕೊಂಡು ಬಾ ಯಮನೂರಪ್ಪ' ಅಂತ ಕೀಲಿ ನನ್ನ ಕೈಗೆ.
ಮಗಳಿಗೆ ಕೊಡಬ್ಯಾಡ ಅಂತ ಹೇಳಿರಲಿಲ್ಲ.
ಹೇಳಬೇಕಾಗತೈತಿ ಅಂತ ಅವರಿಗೆ ಹೊಳೆದಿರಲಿಲ್ಲ.

ಡಿಕ್ಕಿಯಾಗ ಎರಡು ಚೀಲ ಸೋನಾ ಮಸೂರಿ ಹಾಕಿದೆ.
'ಅಕ್ಕಿ ಯಾಕ ಅಂಕಲ್?'
ಹಿಂದಿನ ಗಾಲಿ ದೂಡಿ ನಡೆಯೋ ಗಾಡಿ ಇದು.
ದೂಡೋರ ಮ್ಯಾಲ ಭಾರ ಇಲ್ಲಂದ್ರ
ದೂಡೋದು ಬಿಟ್ಟು ಕುಣಿಯಾಕ ಹತ್ತತಾರ.
ದ್ರಾಸಿನಾಗ ಮರಳು ಹೇರತಿದ್ವಿ.
ಇಲ್ಲಿ ಮರಳಿಗೆ ಪರ್ಮಿಟ್ ಬೇಕು, ಅಕ್ಕಿಗೆ ಬ್ಯಾಡ.

ಹದಿನೇಳು ವರ್ಷ ಮಿಲಿಟರಿ ಗಾಡಿ ಹೊಡೆದವ ನಾನು.
ಹಿಮ ಅಂದ್ರ ಹೆಂಗಿರತೈತಿ ಅಂತ ಚಹಾದಂಗಡ್ಯಾಗ ಕೇಳತಾರ.
ಹತ್ತಿ ಹಂಗ ಅಂತೀನಿ, ಸುಮ್ಮನಾಗತಾರ.
ಖರೇ ಹೇಳಬೇಕಂದ್ರ
ಹಿಮ ಅಂದ್ರ ರಸ್ತಾ ಸುಳ್ಳು ಹೇಳೋದು:
ಮುಂದ ಕಾಣತೈತಿ, ಕೆಳಗ ಇರಂಗಿಲ್ಲ.
ನನ್ನ ಮುಂದಿನ ಗಾಡಿ ಒಮ್ಮೆ, ತಿರುವಿನಾಗ,
ಅವಸರಿಲ್ಲ, ಹಾರನ್ ಇಲ್ಲ,
ಬೆನ್ನು ಮೊದಲು ಮಾಡಿ ಕಣಿವಿಗೆ ಇಳೀತು,
ಮನಿ ಬಾಗಲದಾಗ ಹಿಂದ ಸರಿಯೋ ಸೊಸಿ ಹಂಗ.
ಅದನ್ನ ಹಾರಿಕಾಗ ಹೇಳಲಿಲ್ಲ.

ಹೇಳಿದ್ದು ಇಷ್ಟ:
ಆಕ್ಸಿಲೇಟರ್ ಒದಿಬ್ಯಾಡ, ಸವರು.
ಹಾಲು ಉಕ್ಕೋ ಮುಂಚೆ ಉರಿ ಇಳಿಸ್ತೀಯಲ್ಲ, ಹಂಗ ಬಿಡು.
'ನಾ ಎಂದೂ ಹಾಲು ಕಾಸಿಲ್ಲ.'
ಹಂಗಾದ್ರ ಗಾಳಿಪಟದ ದಾರ ಅನ್ಕೋ.
ಬ್ರೇಕ್ ಮರೆತುಬಿಡು.
ಬೆನ್ನು ಎತ್ತ ಜಾರತೈತೋ ಸ್ಟೇರಿಂಗ್ ಅತ್ತಾಗ.
'ಜಾರಿದ ಕಡೆಗೇ?'
ಜಾರಿದ ಕಡೆಗೇ.
ಕಣ್ಣು ಮಾತ್ರ ಹೋಗೋ ಕಡೆ.

ತೂಕದ ಕಾಟಾ ದಾಟಿದ್ವಿ. ಸೆಕೆಂಡ್ ಗೇರ್.
ಬೂದಿ ಒಳಗ ಗಾಲಿ, ಅಂಬಲಿಯಾಗ ಚಮಚ.
ಆಮ್ಯಾಲ ಆಕಿ ಸವರಲಿಲ್ಲ, ಒದ್ದಳು.

ಮಿಲ್ಲಿನ ಗ್ವಾಡಿ.
ಬೇವಿನ ಗಿಡ.
ಬೀಡಿ ಹಚ್ಚತಿದ್ದ ಹಮಾಲ, ಬಾಯಿ ತಗದಂವ.
ನಾಯಿಯ ಎರಡು ಹಸರ ಕಣ್ಣು.
ಮತ್ತ ಮಿಲ್ಲಿನ ಗ್ವಾಡಿ.
ಹೆಡ್‌ಲೈಟು ಊರನ್ನೊಂದು ಸುತ್ತು ಓದಿ ಮುಗಿಸಿ
ಬಂದ ದಾರಿಗೇ ಮಾರಿ ಮಾಡಿ ನಿಂತಿತ್ತು.

ಇಂಜಿನ್ ಆಫ್.
ಬಾನೆಟ್ಟಿನ ಬಿಸಿಗೆ ಬೂದಿ ಕುಂತು ಏಳತಿತ್ತು.
ನನ್ನ ಬಲಗಾಲು ಪೆಡಲ್ ಇಲ್ಲದ ಕಡೆ
ಇಪ್ಪತ್ತೆರಡು ವರ್ಷದ ಹಿಂದಿನ ಬ್ರೇಕು ಒತ್ತಿ ಹಿಡಿದಿತ್ತು.
ಆಕಿ ಅದನ್ನ ನೋಡಿದಳು. ಏನೂ ಕೇಳಲಿಲ್ಲ.
ಹಿಡಿಕೆ ತಿರುವಿ ನನ್ನ ಕಡೆ ಕಿಟಕಿ ಇಳಿಸಿ
'ಗಾಳಿ ತೊಗೋರಿ' ಅಂದಳು.
ಹಮಾಲ ದೂರದಿಂದ ಕೂಗಿದ: 'ಇನ್ನೊಂದ ಸಲ!'
ಇನ್ನೊಂದು ಸಲ.
ಮೂರನೇ ಸಲಕ್ಕ ಜಾರೋ ಬೆನ್ನನ್ನ
ಮಗ್ಗಲು ಬದಲಿಸೋ ಕೂಸಿನಂಗ ತಡವಿ ನಿಲ್ಲಿಸಿದಳು.

ಬೆಳಿಗ್ಗೆ ರಾವ್ ಸಾಹೇಬರು ಸೊಂಟ ಹಿಡಕೊಂಡು ಬಂದರು.
ಯಾರ್ಡಿನ ಬೂದಿಯಾಗ ಒಂದರ ಮ್ಯಾಲೊಂದು ಉಂಗುರ,
ಅದರ ಅಂಚು ತುಳಿದು ಟ್ರ್ಯಾಕ್ಟರು ಹೊಂಟಿದ್ದವು.
ಡಿಕ್ಕಿ ತಗದರು. ಒಂದು ಚೀಲ ಒಡದಿತ್ತು.
ನಾಲ್ಕು ಕಾಳು ಎತ್ತಿ, ಹಲ್ಲಿಗಿಟ್ಟು ಕಡಿದು,
ತೇವ ನೋಡೋ ಹಳೇ ಚಟ,
'ಹೊಸಾ ಮಾಲು' ಅಂದರು.
ನಾನು ನೆಲ ನೋಡಿದೆ.
ಡಿಕ್ಕಿ ಮುಚ್ಚಿ, ಬೆನ್ನ ಮ್ಯಾಲ ಅಂಗೈ ಊರಿ ಒಮ್ಮೆ ಅದುಮಿ,
'ಎರಡು ಸಾಲದಪ್ಪ' ಅಂದರು,
'ಮುಂದಿನ ಸಲ ಮೂರು ಹಾಕು.'